ಎಬಿಸಿಡಿ ಕ್ರಮದಲ್ಲಿ ಓಕೆ ಕಂಪ್ಯೂಟರ್

ಆರು ವರ್ಷ ನಾನು ಒಂದು ಆಲ್ಬಮ್‌ನ ತಪ್ಪಾಗಿ ಕೇಳಿದೀನಿ. ತಪ್ಪಾಗಿ ಅಂದ್ರೆ ಸಾಹಿತ್ಯ ತಪ್ಪು ಅರ್ಥ ಮಾಡ್ಕೊಂಡೆ ಅಂತಲ್ಲ (ಅದೂ ಆಗಿದೆ, ಅದಕ್ಕೆ ಆಮೇಲೆ ಬರ್ತೀನಿ), ಹಾಡುಗಳ ಕ್ರಮಾನೇ ತಪ್ಪು. ಮೊದಲ್ನೇದು ಆದ್ಮೇಲೆ ಒಂಬತ್ತನೇದು, ಅದಾದ್ಮೇಲೆ ಎಂಟನೇದು, ಹೀಗೆ. ಆಲ್ಬಮ್ ಯಾವ್ದು ಅಂದ್ರೆ ಇಂಗ್ಲೆಂಡಿನ ರೇಡಿಯೋಹೆಡ್ ಅನ್ನೋ ಬ್ಯಾಂಡ್‌ದು ಓಕೆ ಕಂಪ್ಯೂಟರ್, 1997ರದ್ದು. ಪ್ರಪಂಚದ ರಾಕ್ ಕೇಳೋ ಜನ ತಲೆ ಮೇಲೆ ಹೊತ್ಕೊಂಡು ಮೆರೆಸೋ ಆಲ್ಬಮ್ಮು, ಅದನ್ನ ನಾನು ಡಿಕ್ಷನರಿ ಥರ ಕೇಳ್ಕೊಂಡು ಕೂತಿದ್ದೆ.

2005ರಲ್ಲಿ ನಾನು ತುಮಕೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ. ಹಾಸ್ಟೆಲ್‌ನಲ್ಲಿ ಒಬ್ಬ ಸೀನಿಯರ್ ಇದ್ದ, ಅವನ ಹತ್ರ ಬಿಟ್ರೆ ಆ ಫ್ಲೋರಲ್ಲಿ ಬೇರೆ ಯಾರ ಹತ್ರಾನೂ ಕಂಪ್ಯೂಟರ್ ಇರ್ಲಿಲ್ಲ, ಹಂಗಾಗಿ ಅವನಿಗೆ ಏನು ಇಷ್ಟಾನೋ ಅದೇ ಇಡೀ ಫ್ಲೋರಿಗೆ ಇಷ್ಟ. ಅವನು ಕೊಟ್ಟ ಸಿಡಿ ಮೇಲೆ ಮಾರ್ಕರ್‌ನಲ್ಲಿ ಬರೀ 'ಮಿಕ್ಸ್ 4' ಅಂತ ಬರ್ದಿತ್ತು. ಒಳಗೆ ಹತ್ತು ಹನ್ನೆರಡು ಫೋಲ್ಡರು, ಒಂದೊಂದು ಫೋಲ್ಡರಿಗೆ ಒಂದೊಂದು ಬ್ಯಾಂಡು. ಫೈಲ್‌ಗಳಿಗೆ ಹಾಡಿನ ಹೆಸರಿತ್ತು, ಹೆಸರಿಗೆ ಮೊದಲು 01, 02 ಅಂತ ನಂಬರ್ ಇರ್ಲಿಲ್ಲ. ನಂಬರ್ ಇಲ್ದೇ ಇದ್ರೆ ಹಾಡು ಹಾಕೋ ಸಾಫ್ಟ್‌ವೇರು ವಿನ್ಯಾಂಪ್ ಏನ್ಮಾಡತ್ತೆ, ಪಾಪ, ಹಾಜರಿ ಪುಸ್ತಕದ ಥರ ಎ ಇಂದ ಶುರು ಮಾಡಿ ಕರ್ಕೊಂಡು ಹೋಗತ್ತೆ. ಏರ್‌ಬ್ಯಾಗ್, ಕ್ಲೈಂಬಿಂಗ್ ಅಪ್ ದ ವಾಲ್ಸ್, ಎಲೆಕ್ಷನಿಯರಿಂಗ್, ಎಕ್ಸಿಟ್ ಮ್ಯೂಸಿಕ್, ಫಿಟ್ಟರ್ ಹ್ಯಾಪಿಯರ್, ಕರ್ಮ ಪೊಲೀಸ್, ಲೆಟ್ ಡೌನ್, ಲಕ್ಕಿ, ನೋ ಸರ್ಪ್ರೈಸಸ್, ಪ್ಯಾರನಾಯ್ಡ್ ಆಂಡ್ರಾಯ್ಡ್, ಸಬ್‌ಟೆರೇನಿಯನ್ ಹೋಮ್‌ಸಿಕ್ ಏಲಿಯನ್, ದ ಟೂರಿಸ್ಟ್. ಇದು ನನ್ನ ಓಕೆ ಕಂಪ್ಯೂಟರ್. ಈಗ್ಲೂ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಇದೇ ಕ್ರಮದಲ್ಲಿ ಹೇಳ್ತೀನಿ.

ಯಾಕೆ ಅನುಮಾನ ಬರ್ಲಿಲ್ಲ ಅಂದ್ರೆ ಇದರಲ್ಲಿ ಒಂದು ತಮಾಷೆ ಇದೆ. ನಿಜವಾದ ಆಲ್ಬಮ್‌ನಲ್ಲೂ ಮೊದಲ್ನೇ ಹಾಡು ಏರ್‌ಬ್ಯಾಗೇ, ಕೊನೇ ಹಾಡು ದ ಟೂರಿಸ್ಟೇ. ಎಬಿಸಿಡಿ ಕ್ರಮದಲ್ಲಿ ಹಾಕಿದ್ರೂ ಆ ಎರಡೂ ಹಾಡು ಕೂತ ಜಾಗ ಬಿಟ್ಟು ಅಲ್ಲಾಡಲ್ಲ. ಆರನೇ ಜಾಗದಲ್ಲಿರೋ ಕರ್ಮ ಪೊಲೀಸೂ ಅಷ್ಟೇ, ಎರಡರಲ್ಲೂ ಆರನೇದೇ. ಮನೆ ಮುಂಬಾಗ್ಲು ಸರಿ ಇದೆ, ಹಿತ್ತಲ ಬಾಗ್ಲು ಸರಿ ಇದೆ, ನಡುಮನೇಲಿ ಕಂಬಾನೂ ಇದೆ. ಅಡುಗೆಮನೆ ಇರೋ ಜಾಗದಲ್ಲಿ ಬಚ್ಚಲು ಇದ್ರೆ ಹೊಸಬನಿಗೆ ಹೆಂಗೆ ಗೊತ್ತಾಗ್ಬೇಕು.

ಕ್ರಮ ಅನ್ನೋದರ ಬೆಲೆ ಗೊತ್ತಿರ್ಲಿಲ್ಲ ಅಂತೇನಿಲ್ಲ. ನಾವು ಕ್ಯಾಸೆಟ್ ಕಾಲದ ಮಕ್ಕಳು. ಮನೇಲಿದ್ದ ಭಾವಗೀತೆ ಕ್ಯಾಸೆಟ್‌ನ ಅಮ್ಮ ಎಷ್ಟು ಸಲ ಹಾಕಿದಾರೆ ಅಂದ್ರೆ, ಇವತ್ತು ಅದರಲ್ಲಿನ ಒಂದು ಹಾಡು ಎಲ್ಲಾದ್ರೂ ಮದುವೆ ಮನೇಲಿ ಕೇಳಿ ಮುಗಿದ್ರೆ, ಮುಂದಿನ ಹಾಡಿನ ಕೊಳಲು ನನ್ನ ತಲೆಯೊಳಗೆ ತಾನಾಗೇ ಶುರುವಾಗತ್ತೆ, ನಡುವೆ ಟೇಪು ಒಂದು ಕಡೆ ಸುಕ್ಕಾಗಿ 'ವೊಂಯ್' ಅನ್ನೋ ಜಾಗಾನೂ ಸೇರಿ. ಇಂಗ್ಲಿಷ್ ಹಾಡುಗಳಿಗೂ ಹಂಗೊಂದು ಸಾಲು ಇರತ್ತೆ, ಅದನ್ನೂ ಯಾರೋ ಕೂತು ಯೋಚ್ನೆ ಮಾಡಿರ್ತಾರೆ ಅಂತ ಯಾಕೋ ಹೊಳೀಲೇ ಇಲ್ಲ. ಸಿಡಿ ಕವರ್ ನೋಡಿದ್ರೆ ತಾನೇ.

ಸಾಹಿತ್ಯದ ವಿಷಯಕ್ಕೆ ಬಂದ್ರೆ, ಚಿತ್ರದುರ್ಗದಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗನಿಗೆ ಬ್ಯಾಂಡಿನ ಗಾಯಕ ಥಾಮ್ ಯಾರ್ಕ್ ಹಾಡೋ ಇಂಗ್ಲಿಷ್ ಅರ್ಥ ಆಗ್ಬೇಕು ಅಂದ್ರೆ ಅದು ಅತಿಯಾಸೆ. ಆ ಮನುಷ್ಯ ಒಂದು ಪದ ಶುರು ಮಾಡಿದ್ರೆ ಅದು ಮುಗಿಯೋದ್ರೊಳಗೆ ಊಟ ಮಾಡ್ಕೊಂಡು ಬರ್ಬೋದು. ನನಗೆ ಕೇಳಿಸ್ತಿದ್ದದ್ದು ಬರೀ ಧ್ವನಿ, ಒಬ್ಬ ಮನುಷ್ಯ ತುಂಬಾ ಸುಸ್ತಾಗಿ ಆದ್ರೆ ಮಲಗೋಕಾಗ್ದೆ ಒದ್ದಾಡ್ತಿದಾನೆ ಅನ್ನೋ ಥರದ್ದು. 'ಕರ್ಮ' ಅನ್ನೋದೊಂದು ಪದ ಮಾತ್ರ ಸ್ಪಷ್ಟವಾಗಿ ಸಿಕ್ಕಿತ್ತು, ಅದು ನಮ್ಮದೇ ಪದ, ಅಮ್ಮ ದಿನಕ್ಕೆ ನಾಲ್ಕು ಸಲ 'ನನ್ ಕರ್ಮ' ಅಂತ ಹಣೆ ಚಚ್ಕೊಳ್ಳೋದು ನೋಡಿ ಬೆಳ್ದೋನು ನಾನು. ಆಮೇಲೆ ಗೊತ್ತಾಯ್ತು, ಆ ಬ್ಯಾಂಡಿನವರು ಟೂರ್ ಬಸ್ಸಲ್ಲಿ ಯಾರಾದ್ರೂ ಎಡವಟ್ಟು ಮಾಡಿದ್ರೆ ಕರ್ಮ ಪೊಲೀಸ್ ಹಿಡ್ಕೊಂಡು ಹೋಗ್ತಾರೆ ನೋಡು ಅಂತ ರೇಗಿಸ್ತಿದ್ರಂತೆ, ಅದೇ ಹಾಡಾಯ್ತು. ಅಮ್ಮನ ಕರ್ಮಕ್ಕೂ ಅವರ ಕರ್ಮಕ್ಕೂ ಅಷ್ಟೇನೂ ದೂರ ಇಲ್ಲ.

ಫಿಟ್ಟರ್ ಹ್ಯಾಪಿಯರ್ ಅಂತೂ ಫೈಲ್ ಕರಪ್ಟ್ ಆಗಿದೆ ಅಂದ್ಕೊಂಡಿದ್ದೆ. ಎರಡು ನಿಮಿಷಾನೂ ಇಲ್ಲ, ಹಾಡೇ ಇಲ್ಲ, ಒಂದು ಕಂಪ್ಯೂಟರ್ ಧ್ವನಿ ಏನೋ ಪಟ್ಟಿ ಓದ್ಕೊಂಡು ಹೋಗತ್ತೆ, ಹಿಂದೆ ಪಿಯಾನೋ ಎಲ್ಲೋ ಪಕ್ಕದ ಮನೇಲಿ ಬಾರಿಸಿದ ಹಾಗೆ. ಇದು ವೈರಸ್ಸೇ ಇರ್ಬೇಕು ಅಂತ ಒಂದು ಸಲ ಡಿಲೀಟ್ ಮಾಡಿ, ಆಮೇಲೆ ಸಿಡಿಯಿಂದ ವಾಪಸ್ ಕಾಪಿ ಮಾಡ್ಕೊಂಡೆ. ಅದು ಮ್ಯಾಕಿಂಟೋಶ್ ಕಂಪ್ಯೂಟರಿನ ಸಿಂಪಲ್‌ಟೆಕ್ಸ್ಟ್ ಅನ್ನೋ ಸಾಫ್ಟ್‌ವೇರಲ್ಲಿದ್ದ 'ಫ್ರೆಡ್' ಅನ್ನೋ ಧ್ವನಿ. ಆರೋಗ್ಯವಾಗಿರು, ಖುಷಿಯಾಗಿರು, ಜಾಸ್ತಿ ಕೆಲಸ ಮಾಡು, ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗು, ಸಹೋದ್ಯೋಗಿಗಳ ಜೊತೆ ಹೊಂದ್ಕೊಂಡು ಹೋಗು, ಇಂಥವನ್ನೆಲ್ಲ ಒಂದೇ ರಾಗದಲ್ಲಿ ಹೇಳ್ತಾ ಹೋಗತ್ತೆ. ಕೆಲಸಕ್ಕೆ ಸೇರಿದ ಮೇಲೆ ಎಚ್‌ಆರ್ ಕಡೆಯಿಂದ ಬರೋ ಸೋಮವಾರದ ಮೇಲ್‌ಗಳನ್ನೆಲ್ಲ ನಾನು ಫ್ರೆಡ್ ಧ್ವನೀಲೇ ಓದಿರೋದು.

ಈಗ ಬಸ್ಸಿನ ವಿಷಯ. ಹಾಸ್ಟೆಲಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ನಾನು ಇದನ್ನ ಬಸ್ಸಲ್ಲಿ ಕೇಳಿದೀನಿ. 512 ಎಂಬಿ ಪ್ಲೇಯರ್ ಒಂದಿತ್ತು, ಪೆನ್‌ಡ್ರೈವ್ ಥರದ್ದು, ಒಂದು ಸಣ್ಣ ಸೆಲ್ಲು ಹಾಕೋದು. ಆಲ್ಬಮ್ ಒಟ್ಟು 53 ನಿಮಿಷ ಚಿಲ್ಲರೆ. ಹಿರಿಯೂರು ಬಸ್‌ಸ್ಟ್ಯಾಂಡ್ ಬಿಟ್ಟು ಬೈಪಾಸ್ ಹತ್ತೋವಾಗ ಪ್ಲೇ ಒತ್ತಿದ್ರೆ ದುರ್ಗದ ಬಸ್‌ಸ್ಟ್ಯಾಂಡಿಗೆ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಟೂರಿಸ್ಟ್ ಬಂದಿರ್ತಿತ್ತು. ಆಗಿನ್ನೂ ಎನ್‌ಎಚ್ 4 ಅಂತಿದ್ವಿ, ಈಗ 48. ಸಂಜೆ ಬಸ್ಸಾದ್ರೆ ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣೋವು, ಒಂದು ತಿರುಗ್ತಿದ್ರೆ ಪಕ್ಕದ್ದು ನಿಂತಿರೋದು, ಇನ್ನೊಂದು ಬೇಕೋ ಬೇಡ್ವೋ ಅನ್ನೋ ಹಾಗೆ. ನನ್ನ ಕ್ರಮದಲ್ಲಿ ಅಷ್ಟೊತ್ತಿಗೆ ಸರಿಯಾಗಿ ಲೆಟ್ ಡೌನ್ ಬರ್ತಿತ್ತು.

ಲೆಟ್ ಡೌನ್ ಬಗ್ಗೆ ಸ್ವಲ್ಪ ಕೂತು ಹೇಳ್ಬೇಕು. ಶುರುವಲ್ಲಿ ಗಿಟಾರ್‌ಗಳು ಮಳೆಹನಿ ಥರ ಟಿಣಿಟಿಣಿ ಅಂತ ಬರ್ತವೆ, ಕೇಳೋಕೆ ತುಂಬಾ ಸರಳ, ಆದ್ರೆ ಕಿಟಕಿ ಸರಳಿನ ಮೇಲೆ ಬೆರಳಲ್ಲಿ ತಾಳ ಹಾಕೋಕೆ ಹೋದ್ರೆ ಕೈ ಜಾರತ್ತೆ. ಎರಡ್ಮೂರು ಬಸ್ ಪ್ರಯಾಣ ನಾನು ನನಗೇ ತಾಳಜ್ಞಾನ ಇಲ್ಲ ಅಂದ್ಕೊಂಡೆ. ನಮ್ಮಕ್ಕ ಸಂಗೀತ ಕ್ಲಾಸಿಗೆ ಹೋಗ್ತಿದ್ಲು, ಒಂದು ರಜೇಲಿ ಅವಳ ಕಿವಿಗೆ ಒಂದು ಇಯರ್‌ಫೋನ್ ಸಿಕ್ಕಿಸಿದೆ. ಅರ್ಧ ನಿಮಿಷ ತೊಡೆ ಮೇಲೆ ಕೈ ಆಡಿಸಿ, 'ಇದು ಒಂದು ಗಿಟಾರು ತಕತಕಿಟ ಅಂತಿದೆ ಕಣೋ, ಉಳಿದವರು ತಕಧಿಮಿ ಅಂತಿದಾರೆ' ಅಂದ್ಲು. ಅಂದ್ರೆ ಒಬ್ಬ ಐದರ ಲೆಕ್ಕದಲ್ಲಿ ಸುತ್ತುತ್ತಾ ಇದಾನೆ, ಮಿಕ್ಕೋರು ನಾಲ್ಕರ ಲೆಕ್ಕದಲ್ಲಿ. ಇಬ್ಬರೂ ಒಟ್ಟಿಗೆ ಹೊರಟ್ರೆ ಇಪ್ಪತ್ತಕ್ಕೆ ಹೋಗಿ ಸೇರ್ತಾರೆ, ಮತ್ತೆ ಬೇರೆ ಆಗ್ತಾರೆ. ಐದರದ್ದು ಬಾರಿಸ್ತಿರೋದು ಬ್ಯಾಂಡಿನ ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್. ಅಕ್ಕ ಇಯರ್‌ಫೋನ್ ವಾಪಸ್ ಕೊಟ್ಟು 'ಹಾಡೋನಿಗೆ ಮಾತ್ರ ನೆಗಡಿ ಆಗಿದೆ' ಅಂದು ಎದ್ದು ಹೋದ್ಲು. ಅವಳ ವಿಮರ್ಶೆ ಅಷ್ಟೇ. ಆದ್ರೆ ಅವತ್ತಿಂದ ಗಾಳಿಯಂತ್ರಗಳನ್ನ ನೋಡಿದಾಗೆಲ್ಲ ನಾನು ಒಂದಕ್ಕೆ ಐದು, ಪಕ್ಕದ್ದಕ್ಕೆ ನಾಲ್ಕು ಅಂತ ಎಣಿಸೋದು ಶುರು ಮಾಡಿದೆ.

ಆ ಹಾಡನ್ನ ಅವರು ಬೆಳಗಿನ ಜಾವ ಮೂರು ಗಂಟೆಗೆ ಒಂದು ದೊಡ್ಡ ಬಂಗಲೆಯ ನಾಟ್ಯದ ಹಾಲಲ್ಲಿ ರೆಕಾರ್ಡ್ ಮಾಡಿದ್ದು. ಇಂಗ್ಲೆಂಡಿನ ಬಾತ್ ಊರಿನ ಹತ್ರ ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಅಂತ, ನಟಿ ಜೇನ್ ಸೀಮೋರ್ ಅವರ ಹಳೇ ಮನೆ. ಸ್ಟುಡಿಯೋ ಬೇಡ ಅಂತ ಅಲ್ಲಿ ಹೋಗಿ ಕೂತು, ರೆಕಾರ್ಡಿಂಗ್ ನೋಡ್ಕೊಳ್ಳೋಕೆ ನೈಜೆಲ್ ಗಾಡ್ರಿಚ್ ಅನ್ನೋ ಹುಡುಗನ್ನ ಜೊತೆಗೆ ಇಟ್ಕೊಂಡು ಮಾಡಿದ್ರು. ಎಕ್ಸಿಟ್ ಮ್ಯೂಸಿಕ್‌ನಲ್ಲಿ ಥಾಮ್ ಧ್ವನಿ ಒಂದು ಥರ ತಣ್ಣಗೆ ಗೋಡೆಗೆ ತಾಗಿ ವಾಪಸ್ ಬರತ್ತಲ್ಲ, ಅದು ಯಾವ ಮೆಷಿನ್ನೂ ಅಲ್ಲ, ಆ ಮನೆಯ ಕಲ್ಲಿನ ಮೆಟ್ಟಿಲ ಮೇಲೆ ನಿಂತು ಹಾಡಿದ್ದು. ಕೋಟೆ ಊರಿನವನಾದ ನನಗೆ ಇದು ಓದಿದ ತಕ್ಷಣ ಅರ್ಥ ಆಯ್ತು, ಕಲ್ಲಿನ ಮಧ್ಯೆ ಕೂಗಿದ್ರೆ ಧ್ವನಿ ಹೆಂಗೆ ಬರತ್ತೆ ಅಂತ ನಮಗೆ ಹೇಳ್ಕೊಡ್ಬೇಕಿಲ್ಲ.

2008ಕ್ಕೆ ಓದು ಮುಗೀತು. ಒಂದು ಕಂಪನಿ ಆಫರ್ ಲೆಟರ್ ಕೊಟ್ಟಿತ್ತು, ಅಷ್ಟೊತ್ತಿಗೆ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಇಲ್ಲಿ ಎಲ್ಲರ ಜಾಯ್ನಿಂಗ್ ಡೇಟು ಮುಂದಕ್ಕೆ ಹೋಯ್ತು. ಎಂಟು ತಿಂಗಳು ನಾನು ದುರ್ಗದ ಮನೇಲಿ ಕೂತಿದ್ದೆ. ಬೆಳಿಗ್ಗೆ ಎದ್ದು ಮೇಲ್ ನೋಡೋದು, ಅಪ್ಪನ ಮುಖ ನೋಡೋದು ತಪ್ಸೋದು, ಸಂಜೆ ನೆಂಟರು ಬಂದ್ರೆ ಹಿತ್ತಲಿಗೆ ಹೋಗೋದು. ಆಮೇಲೆ ಒಂದು ದಿನ ಕರೆದ್ರು. ಬೆಂಗಳೂರು, ಪೀಜಿ, ಎರಡು ಬಸ್ ಬದಲಾಯ್ಸಿ ಆಫೀಸು, ರಾತ್ರಿ ಒಂಬತ್ತಕ್ಕೆ ತಣ್ಣಗಾದ ಚಪಾತಿ. ಆ ಹೊತ್ತಿಗೆ ನನ್ನ ಇಂಗ್ಲಿಷ್ ಸುಧಾರಿಸಿತ್ತು, ಇಂಟರ್ನೆಟ್ಟಲ್ಲಿ ಸಾಹಿತ್ಯ ಹುಡುಕಿ ಓದಿದೆ. ಲಕ್ಕಿ ಅನ್ನೋದು ವಿಮಾನ ಅಪಘಾತದಿಂದ ಬದುಕಿ ಬರೋ ಹಾಡು, ನೋ ಸರ್ಪ್ರೈಸಸ್ ಅನ್ನೋದು ನಿಧಾನಕ್ಕೆ ಜೀವ ತೆಗೆಯೋ ನೌಕರಿಯ ಹಾಡು, ಲಾಲಿ ಥರ ಗ್ಲಾಕೆನ್‌ಸ್ಪೀಲ್ ಅನ್ನೋ ಲೋಹದ ಪಟ್ಟಿಗಳ ವಾದ್ಯ ಬಾರಿಸ್ಕೊಂಡು 'ನನಗೆ ಇನ್ನೇನೂ ಬೇಡ, ಸದ್ದಿಲ್ಲದ ಬದುಕು ಸಾಕು' ಅಂತ ಸೋತು ಕೂರೋ ಹಾಡು. ನನ್ನ ಕ್ರಮದಲ್ಲಿ ಮೊದಲು ಲಕ್ಕಿ, ಅದಾದ ತಕ್ಷಣ ನೋ ಸರ್ಪ್ರೈಸಸ್. ಸಾಯೋನನ್ನ ಕೆರೆಯಿಂದ ಎಳ್ಕೊಂಡು ಬಂದು, ಮೈ ಒರೆಸಿ, ಐಡಿ ಕಾರ್ಡ್ ಕುತ್ತಿಗೆಗೆ ಹಾಕಿ ಕೆಲಸಕ್ಕೆ ಕಳ್ಸಿದ ಹಾಗೆ. ಎಂಥ ಬರವಣಿಗೆ, ಏನ್ ಯೋಚ್ನೆ ಮಾಡಿ ಈ ಎರಡು ಹಾಡನ್ನ ಅಕ್ಕಪಕ್ಕ ಇಟ್ಟಿದಾರೆ ಅಂತ ರೂಮಲ್ಲಿ ಒಬ್ನೇ ಕೂತು ತಲೆದೂಗಿದೀನಿ. ಒಬ್ಬ ಫ್ರೆಂಡಿಗೆ ಉದ್ದದ ಮೇಲ್ ಬೇರೆ ಬರ್ದಿದ್ದೆ, ಅವನು ಅದನ್ನ ಇಟ್ಕೊಂಡಿಲ್ಲ ಅಂತ ನಂಬಿದೀನಿ.

2011ರಲ್ಲಿ ಆಫೀಸಿನ ಒಬ್ಬರ ಕಾರಲ್ಲಿ ವಾಪಸ್ ಬರ್ತಿದ್ದೆ. ಸಿಲ್ಕ್ ಬೋರ್ಡ್ ಹತ್ರ ಎಂದಿನ ಹಾಗೆ ನಿಂತಿದೀವಿ. ಅವರು ಸಿಡಿ ಹಾಕಿದ್ರು, ಏರ್‌ಬ್ಯಾಗ್. ನನಗೆ ಖುಷಿ, ಓ ಇದು ನನ್ನ ಆಲ್ಬಮ್ಮು ಅಂದೆ. ಹಾಡು ಮುಗಿದು ಕೊನೇಲಿ ಟಿಕ್ ಟಿಕ್ ಅಂತ ಬೀಪ್ ಬರತ್ತೆ, ಆಮೇಲೆ ಕ್ಲೈಂಬಿಂಗ್‌ನ ಆ ಭೂತಬಂಗಲೆ ಡ್ರಮ್ಸ್ ಬರ್ಬೇಕು, ನಾನು ಮೈ ಬಿಗಿ ಹಿಡ್ಕೊಂಡೆ. ಬಂದಿದ್ದು ಪ್ಯಾರನಾಯ್ಡ್ ಆಂಡ್ರಾಯ್ಡಿನ ಗಿಟಾರು.

'ಶಫಲ್ ಆಗಿದೆ ನೋಡಿ' ಅಂದೆ.

'ಇಲ್ವಲ್ಲ.'

'ಇದು ಹತ್ತನೇ ಹಾಡು ಸಾರ್.'

ಅವರು ಮಾತಾಡ್ಲಿಲ್ಲ, ಡ್ಯಾಶ್‌ಬೋರ್ಡಿಂದ ಸಿಡಿ ಡಬ್ಬಿ ತೆಗೆದು ಹಿಂಬದಿ ನನ್ನ ಕೈಗೆ ಕೊಟ್ರು. ಸಿಗ್ನಲ್ ಬಿಟ್ಟು ಮತ್ತೆ ಬಿದ್ದು ಮತ್ತೆ ಬಿಟ್ರೂ ನಾನು ಅದನ್ನೇ ನೋಡ್ತಾ ಇದ್ದೆ. ಏರ್‌ಬ್ಯಾಗ್, ಪ್ಯಾರನಾಯ್ಡ್ ಆಂಡ್ರಾಯ್ಡ್, ಏಲಿಯನ್, ಎಕ್ಸಿಟ್ ಮ್ಯೂಸಿಕ್, ಲೆಟ್ ಡೌನ್, ಕರ್ಮ ಪೊಲೀಸ್, ಫಿಟ್ಟರ್ ಹ್ಯಾಪಿಯರ್, ಎಲೆಕ್ಷನಿಯರಿಂಗ್, ಕ್ಲೈಂಬಿಂಗ್, ನೋ ಸರ್ಪ್ರೈಸಸ್, ಲಕ್ಕಿ, ಟೂರಿಸ್ಟ್. ನನಗೆ ಆಗಿದ್ದು ನಾಚಿಕೇನೋ ಸಿಟ್ಟೋ ಗೊತ್ತಿಲ್ಲ. ಆರು ವರ್ಷ ಒಬ್ಬರನ್ನ ಬೇರೆ ಹೆಸರಿಂದ ಕರೆದು, ಅವರೂ 'ಹ್ಞೂ' ಅಂತ ಬಂದು, ಆಮೇಲೆ ಗೊತ್ತಾದ್ರೆ ಹೆಂಗಾಗತ್ತೆ ಹಂಗೆ.

ಇನ್ನೂ ಹೊಟ್ಟೆ ಉರೀಲಿ ಅಂತ ಆಮೇಲೆ ಓದಿದ್ದು: ಈ ಕ್ರಮ ಕೂಡಿಸೋಕೇ ಬ್ಯಾಂಡಿನವರು ಎರಡು ವಾರ ತಗೊಂಡಿದಾರೆ, ಗಿಟಾರ್ ಬಾರಿಸೋ ಎಡ್ ಒಬ್ರಾಯನ್ ಹೇಳಿದ ಮಾತು. ಐದು ಜನ, ಹನ್ನೆರಡು ಹಾಡು, ಎರಡು ವಾರ. ವಿನ್ಯಾಂಪ್ ಅದನ್ನ ಕಣ್ಣು ಮಿಟುಕಿಸೋದ್ರೊಳಗೆ ಕಲಸಿತ್ತು. ಫಿಟ್ಟರ್ ಹ್ಯಾಪಿಯರ್‌ನ ಮೊದಲ ಹಾಡಾಗಿ ಇಡೋಣ ಅಂತ ಒಂದು ಯೋಚ್ನೆ ಇತ್ತಂತೆ, ಜನ ಹೆದರಿ ಓಡ್ತಾರೆ ಅಂತ ಬಿಟ್ರು. ಇನ್ನೂ ಒಂದು ಕತೆ ನನಗೆ ಇಷ್ಟ. ಅಮೆರಿಕದಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್‌ನವರು ಪತ್ರಕರ್ತರಿಗೆ, ರೇಡಿಯೋ ಜನಕ್ಕೆಲ್ಲ ಸಾವಿರ ಕ್ಯಾಸೆಟ್ ಪ್ಲೇಯರ್ ಕಳ್ಸಿದ್ರು, ಒಳಗೆ ಈ ಆಲ್ಬಮ್‌ನ ಕ್ಯಾಸೆಟ್ಟನ್ನ ಗಮ್ ಹಾಕಿ ಅಂಟಿಸಿ. ಈಚೆ ತೆಗೆಯೋ ಹಾಗಿಲ್ಲ, ಬೇರೆ ಕ್ಯಾಸೆಟ್ ಹಾಕೋ ಹಾಗಿಲ್ಲ, ಕೇಳಿದ್ರೆ ಇದನ್ನೇ ಕೇಳ್ಬೇಕು, ಇದೇ ಸಾಲಲ್ಲಿ. ನನಗೂ ಒಂದು ಹಂಗೆ ಅಂಟಿಸಿ ಕಳ್ಸಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.

ಆ ಶನಿವಾರ ಪೀಜಿ ರೂಮಲ್ಲಿ ಬಾಗ್ಲು ಹಾಕ್ಕೊಂಡು ಸರಿಯಾದ ಕ್ರಮದಲ್ಲಿ ಮೊದಲ ಸಲ ಕೇಳಿದೆ. ಮೊದಲರ್ಧ ನಿಜಕ್ಕೂ ಬೇರೆ ಆಲ್ಬಮ್ಮೇ. ಏರ್‌ಬ್ಯಾಗ್ ಕಾರು ಅಪಘಾತದಿಂದ ಬದುಕಿದವನ ಹಾಡು, 1987ರಲ್ಲಿ ಥಾಮ್‌ಗೆ ನಿಜವಾಗ್ಲೂ ಕಾರ್ ಆಕ್ಸಿಡೆಂಟ್ ಆಗಿತ್ತು. ಆ ಹಾಡಿನ ಡ್ರಮ್ಸ್ ಕೂಡ ಕುಂಟ್ತಾ ಹೋಗತ್ತೆ, ಫಿಲ್ ಸೆಲ್ವೇ ಬಾರಿಸಿದ ಕೆಲವೇ ಸೆಕೆಂಡುಗಳನ್ನ ಕಂಪ್ಯೂಟರಿಗೆ ಹಾಕಿ ಕತ್ತರಿಸಿ ಜೋಡ್ಸಿದ್ದು. ಅದಾದ್ಮೇಲೆ ಆರೂಕಾಲು ನಿಮಿಷದ ಪ್ಯಾರನಾಯ್ಡ್ ಆಂಡ್ರಾಯ್ಡ್, ಮಧ್ಯೆ ಮಧ್ಯೆ ಏಳರ ಲೆಕ್ಕಕ್ಕೆ ಜಾರಿ ಹೋಗೋದು, ಅಕ್ಕ ಕೇಳಿದ್ರೆ ಮಿಶ್ರಚಾಪು ಅಂತಿದ್ಲೇನೋ. ಎಕ್ಸಿಟ್ ಮ್ಯೂಸಿಕ್ ಉಸಿರು ಕಟ್ಟಿಸಿ ಮುಗಿದ ಜಾಗದಲ್ಲಿ ಲೆಟ್ ಡೌನಿನ ಟಿಣಿಟಿಣಿ ಶುರುವಾಯ್ತು ನೋಡಿ, ಅಲ್ಲಿ ನಾನು ಸೋತೆ. ಕತ್ತಲೆ ಸುರಂಗದಿಂದ ಟ್ರೈನು ಈಚೆ ಬಂದ ಹಾಗೆ. ಇದನ್ನ ನನ್ನ ವಿನ್ಯಾಂಪ್ ಕೊಟ್ಟಿರ್ಲಿಲ್ಲ, ಒಪ್ಕೋತೀನಿ.

ಆದ್ರೆ ಕೊನೆಗೆ ಬಂದಾಗ ನನಗೂ ಅವರಿಗೂ ಜಗಳ. ಅವರ ಕ್ರಮದಲ್ಲಿ ನೋ ಸರ್ಪ್ರೈಸಸ್ ಮೊದಲು, ಆಮೇಲೆ ಲಕ್ಕಿ. ಮೊದಲು ಸೋಲು, ಆಮೇಲೆ ಕೆರೆಯಿಂದ ಎಳೆಯೋದು. ಕಾರಿಂದ ಬದುಕಿ ಶುರುವಾದದ್ದು ವಿಮಾನದಿಂದ ಬದುಕಿ ಮುಗಿಯತ್ತೆ, ಸುತ್ತು ಪೂರ್ತಿ ಆಗತ್ತೆ, ಕಸುಬಿನ ಲೆಕ್ಕದಲ್ಲಿ ಇದೇ ಸರಿ. ಲಕ್ಕಿ ಅಂತೂ ಆಲ್ಬಮ್ಮಿಗಿಂತ ಹಳೇದು, 1995ರ ಸೆಪ್ಟೆಂಬರಲ್ಲಿ ಬೋಸ್ನಿಯಾ ಯುದ್ಧದ ಮಕ್ಕಳಿಗೋಸ್ಕರ ವಾರ್ ಚೈಲ್ಡ್ ಸಂಸ್ಥೆ ತಂದ ಆಲ್ಬಮ್ಮಿಗೆ ಐದು ಗಂಟೇಲಿ ಮಾಡಿ ಕೊಟ್ಟಿದ್ದು, ಅದಕ್ಕೆ ಆ ಬದುಕಿಸೋ ಗುಣ ಎಲ್ಲಿಂದ ಬಂತು ಅಂತ ಊಹಿಸ್ಬೋದು. ಎಲ್ಲ ಸರಿ. ಆದ್ರೆ 2009ರಲ್ಲಿ ಬೆಂಗಳೂರಿಗೆ ಬಂದ ನನಗೆ ಬದುಕು ಹಂಗೆ ಬರ್ಲಿಲ್ಲ, ಮೊದಲು ಎಳೆದ್ರು, ಆಮೇಲೆ ಐಡಿ ಕಾರ್ಡು. ಆ ತಪ್ಪು ಸಾಲು ನನ್ನ ಮಟ್ಟಿಗೆ ಸರಿಯಾಗಿತ್ತು, ಅದನ್ನ ಯಾರೂ ಉದ್ದೇಶಪಟ್ಟು ಮಾಡಿಲ್ಲ ಅಂತ ಗೊತ್ತಾದ ಮೇಲೂ ಸರಿಯಾಗೇ ಉಳೀತು. ಹಂಗಾಗಿ ಈಗ ಫೋನಲ್ಲಿ ಎರಡು ಪ್ಲೇಲಿಸ್ಟ್ ಇದೆ. ಒಂದಕ್ಕೆ 'ಓಕೆ' ಅಂತ ಹೆಸರು, ಇನ್ನೊಂದಕ್ಕೆ 'ಮಿಕ್ಸ್ 4'.

ಅಂದ ಹಾಗೆ ನೋ ಸರ್ಪ್ರೈಸಸ್‌ದು ಒಂದು ವಿಷಯ ಹೇಳೋದು ಮರೆತೆ. ಬ್ಯಾಂಡು ಅದನ್ನ ಸ್ವಲ್ಪ ವೇಗವಾಗಿ ಬಾರಿಸಿ, ಆಮೇಲೆ ಟೇಪನ್ನ ನಿಧಾನ ಮಾಡಿ, ಅದರ ಮೇಲೆ ಥಾಮ್ ಹಾಡಿದ್ದು. ಅದಕ್ಕೇ ಆ ವಾದ್ಯಗಳೆಲ್ಲ ಜ್ವರ ಬಂದೋರ ಥರ ಕೈಕಾಲು ಭಾರ ಎಳ್ಕೊಂಡು ನಡೀತವೆ. ವಿಡಿಯೋದಲ್ಲಿ ಗಾಜಿನಂಥ ಹೆಲ್ಮೆಟ್ಟಿಗೆ ನೀರು ತುಂಬ್ತಾ ತುಂಬ್ತಾ ಅವನ ಮೂಗು ಮುಳುಗತ್ತಲ್ಲ, ಅಲ್ಲೂ ಇದೇ ಆಟ, ಸೆಟ್ಟಲ್ಲಿ ಬೇಗ ಓಡ್ಸಿ ನಮಗೆ ನಿಧಾನಕ್ಕೆ ತೋರ್ಸಿದ್ದು. ಶುಕ್ರವಾರ ಸಂಜೆ ಆರರ ಮೀಟಿಂಗಲ್ಲಿ ಕೂತಾಗ ನನಗೂ ಯಾರೋ ಹಂಗೇ ಮಾಡ್ತಿದಾರೆ ಅನ್ಸತ್ತೆ.

2025ರಲ್ಲಿ ಲೆಟ್ ಡೌನ್ ಇದ್ದಕ್ಕಿದ್ದ ಹಾಗೆ ಟಿಕ್‌ಟಾಕಲ್ಲಿ ಓಡಿ, 28 ವರ್ಷ ಆದ್ಮೇಲೆ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಹೋಗಿ ಕೂತ್ಕೊಂಡ್ತು. ನಮ್ಮ ಟೀಮಿನ ಹೊಸ ಹುಡುಗಿ ಒಬ್ಬಳು ರೀಲ್ಸಲ್ಲಿ ಕೇಳಿ 'ಸರ್ ಈ ಸಾಂಗ್ ಕೇಳಿದೀರಾ' ಅಂದ್ಲು. ಹಳೇ ಜನ ಅಂತರ್ಜಾಲದಲ್ಲಿ ಗೋಳಾಡ್ತಿದ್ರು, ಮೂವತ್ತು ಸೆಕೆಂಡ್ ಕೇಳಿ ಇವರಿಗೇನು ಗೊತ್ತು, ಆಲ್ಬಮ್ ಪೂರ್ತಿ ಕೇಳ್ಬೇಕು ಅಂತ. ನಾನು ಬಾಯಿ ಮುಚ್ಕೊಂಡಿದ್ದೆ. ಯಾವ ಬಾಯಲ್ಲಿ ಹೇಳ್ಲಿ.

ಕೊನೇ ಹಾಡು ದ ಟೂರಿಸ್ಟ್. ಅದು ಜಾನಿ ಬರ್ದಿದ್ದು. ಫ್ರಾನ್ಸಿನ ಯಾವ್ದೋ ಚೆಂದದ ಚೌಕದಲ್ಲಿ ಪ್ರವಾಸಿಗಳು ಹತ್ತೇ ನಿಮಿಷದಲ್ಲಿ ಎಲ್ಲ ನೋಡ್ಬಿಡ್ಬೇಕು ಅಂತ ಬಾಯಿ ಬಿಟ್ಕೊಂಡು ಓಡಾಡೋದು ನೋಡಿ ಹುಟ್ಟಿದ್ದಂತೆ. ನಮ್ಮೂರ ಕೋಟೆ ಬಾಗ್ಲಲ್ಲಿ ಭಾನುವಾರ ಬಂದು ನಿಂತ್ಕೊಳ್ಳಿ, ಅದೇ ಹಾಡು ಕಾಣತ್ತೆ. ಟೆಂಪೋ ಟ್ರಾವೆಲರ್ ಬರತ್ತೆ, ಜನ ಓಡ್ತಾ ಓಬವ್ವನ ಕಿಂಡಿ ಎಲ್ಲಿ ಅಂತ ಕೇಳ್ತಾರೆ, ಒಬ್ಬ ಕಿಂಡಿಯಿಂದ ತಲೆ ಹೊರಗೆ ಹಾಕ್ತಾನೆ, ಇನ್ನೊಬ್ಬ ಒನಕೆ ಹಿಡ್ದಂಗೆ ಕೈ ಎತ್ತುತ್ತಾನೆ, ಫೋಟೋ, ಮುಗೀತು, ಮುಂದೆ ಹಂಪಿ. ನಿಧಾನ ಮಾಡೋ ಮಾರಾಯ ಅಂತ ಥಾಮ್ ಎಳೆದೆಳೆದು ಹಾಡ್ತಾನೆ, ಗಿಟಾರೆಲ್ಲ ಒಂದೊಂದಾಗಿ ಎದ್ದು ಹೋಗತ್ತೆ, ಡ್ರಮ್ಸೂ ಬಾಸೂ ಅಷ್ಟೇ ಉಳಿಯತ್ತೆ, ಆಮೇಲೆ ಒಂದೇ ಒಂದು ಸಣ್ಣ ಗಂಟೆ. ಟಿಣ್. ಮುಗೀತು.

ಬಸ್ಸಲ್ಲಿ ಕೇಳ್ತಿದ್ದ ವರ್ಷಗಳಲ್ಲಿ ಆ ಟಿಣ್ ಹಾಡಿನದ್ದು ಅಂತ ನನಗೆ ಗೊತ್ತೇ ಇರ್ಲಿಲ್ಲ. ಕಂಡಕ್ಟರ್ ಹಗ್ಗ ಎಳೆದ ಅಂದ್ಕೋತಿದ್ದೆ. ಎರಡು ಸಲ ಹೊಡೆದ್ರೆ ರೈಟ್, ಒಂದೇ ಸಲ ಆದ್ರೆ ಸ್ಟಾಪು. ಬ್ಯಾಗು ಹೆಗಲಿಗೆ ಹಾಕ್ಕೊಂಡು ಎದ್ದು ನಿಲ್ತಿದ್ದೆ, ಎಷ್ಟೋ ಸಲ ಬಸ್ಸಿನ್ನೂ ಊರಾಚೆ ಓಡ್ತಾನೇ ಇರ್ತಿತ್ತು, ಕಂಡಕ್ಟರ್ 'ಎಲ್ಲಿಗ್ರೀ, ಕೂತ್ಕೊಳಿ ಇನ್ನೂ ಇದೆ' ಅನ್ನೋರು. ಈಗ ಅದೇ ರೋಡಲ್ಲಿ ನಾನೇ ಕಾರ್ ಓಡಿಸ್ಕೊಂಡು ಹೋಗ್ತೀನಿ, ಯಾವ ಪ್ಲೇಲಿಸ್ಟ್ ಹಾಕಿದ್ರೂ ಕೊನೇಲಿ ಅದೇ ಟಿಣ್, ಕಾಲು ತಾನಾಗೇ ಬ್ರೇಕ್ ಹುಡುಕತ್ತೆ.